ಗೊಂಬೆಮನೆಯ ಕಿಟಕಿಗೆ ಕರ್ಟನ್: ನೆರಿಗೆ ನಿಲ್ಲಿಸುವ ಬಗೆ

ದಸರಾ ಗೊಂಬೆ ಕೂರಿಸಲೆಂದು ಪುಟ್ಟ ತೊಟ್ಟಿಮನೆಯನ್ನೋ ಎಸ್ಟೇಟ್ ಬಂಗಲೆಯನ್ನೋ ಕಟ್ಟುವವರಿಗೆ ಹೆಂಚು, ಕಂಬ, ಜಗಲಿ ಎಲ್ಲ ಕೈಗೆ ಬಂದಿರುತ್ತದೆ. ಕಿಟಕಿಯ ಕರ್ಟನ್ ಮಾತ್ರ ಕೆಳಗಡೆ ಅಗಲಿಸಿಕೊಂಡು ನಿಂತು ಆಟ ಕೆಡಿಸುತ್ತದೆ. ಮನೆಯ ಅಳತೆ ಹನ್ನೆರಡರಲ್ಲೊಂದಕ್ಕೆ ಇಳಿದರೂ ಬಟ್ಟೆಯ ದಪ್ಪ ಇಳಿಯುವುದಿಲ್ಲವಲ್ಲ! ಕಾಲು ಮಿಲಿಮೀಟರ್ ದಪ್ಪದ ಬಟ್ಟೆ 1:12ರ ಮನೆಯಲ್ಲಿ 3 ಮಿ.ಮೀ. ದಪ್ಪದ ಕಂಬಳಿಗೆ ಸಮ. ತನ್ನ ಭಾರಕ್ಕೆ ತಾನೇ ಇಳಿಬೀಳುವ ಶಕ್ತಿ ಅಷ್ಟು ಚಿಕ್ಕ ತುಂಡಿಗೆ ಇರುವುದಿಲ್ಲ. ಹಾಗಾಗಿ ನೆರಿಗೆಯನ್ನು ನಾವೇ ಹಿಡಿದು, ಒಣಗಿಸಿ, ನಿಲ್ಲಿಸಬೇಕು.

ಒಗೆದು ಒಗೆದು ಮೆತ್ತಗಾದ ಮಲ್ ಪಂಚೆ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ವಾಯಿಲ್ ಸೀರೆಯೂ ಆದೀತು. ಬಣ್ಣ ಬೇಕೆಂದರೆ ಟೈಲರ್ ಅಂಗಡಿಯಲ್ಲಿ ರವಿಕೆಗೆ ಕತ್ತರಿಸಿ ಉಳಿದ ಟೂ ಬೈ ಟೂ ರುಬಿಯಾ ತುಂಡು ಕೇಳಿ. ಜಾರ್ಜೆಟ್ ನೋಡಲು ತೆಳು, ಆದರೆ ನೆರಿಗೆ ಹಿಡಿದರೆ ಪುಟಿದು ಬಿಚ್ಚಿಕೊಳ್ಳುತ್ತದೆ. ಹೊಸ ಬಟ್ಟೆಯಾದರೆ ಒಮ್ಮೆ ನೆನೆಸಿ ಒಗೆಯಿರಿ, ಇಲ್ಲದಿದ್ದರೆ ಅಂಟುನೀರು ಬಿದ್ದಾಗ ಕುಗ್ಗುತ್ತದೆ. ಪ್ರಿಂಟಿನ ಹೂವು ಅರ್ಧ ಇಂಚಿದ್ದರೆ ಆ ಮನೆಯ ಲೆಕ್ಕದಲ್ಲಿ ಅದು 6 ಇಂಚಿನ ಹೂವು. ಚುಕ್ಕಿ, ಸಣ್ಣ ಗೆರೆ ಸಾಕು.

ಮೂರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಕಿಟಕಿ ಎಂದುಕೊಳ್ಳಿ. ಕರ್ಟನ್ ಮೇಲೂ ಕೆಳಗೂ ಕಾಲು ಇಂಚು ಚಾಚಬೇಕು, ಜೊತೆಗೆ ಎರಡೂ ಅಂಚಿನ ಮಡಿಕೆಗೆ ಕಾಲು ಕಾಲು ಇಂಚು. ಒಟ್ಟು 5 ಇಂಚು ಉದ್ದ. ಅಗಲ ಪ್ರತಿ ತುಂಡಿಗೆ 3½ ಇಂಚು. ಇಂಥವು ಎರಡು.

ಗೆರೆ ಎಳೆದ ಕೂಡಲೇ ಕತ್ತರಿ ಹಾಕಬೇಡಿ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಗೆರೆಯ ಮೇಲೆ ಸಣ್ಣ ಬ್ರಷ್ಷಿನಲ್ಲಿ ಎಳೆದು, ಒಣಗಿದ ಮೇಲೆ ಆ ಗೆರೆಯ ನಡುವೆಯೇ ಕತ್ತರಿಸಿ. ಎಳೆ ಬಿಚ್ಚುವುದಿಲ್ಲ, ಪಕ್ಕದ ಅಂಚುಗಳನ್ನು ಮಡಿಸುವ ಕೆಲಸವೂ ಇಲ್ಲ. ಮೇಲಿನ ಮತ್ತು ಕೆಳಗಿನ ಮಡಿಕೆಯನ್ನು ಹೊಲಿಯಬೇಡಿ. ಎಷ್ಟು ಸಣ್ಣ ಹೊಲಿಗೆಯಾದರೂ ಈ ಅಳತೆಯಲ್ಲಿ ಎದ್ದು ಕಾಣುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಫೆವಿಕಾಲ್ ಸವರಿ, ಮಡಿಸಿ, ಮೇಲೊಂದು ಬಟರ್ ಪೇಪರ್ ಇಟ್ಟು ಬೆಚ್ಚನೆಯ ಇಸ್ತ್ರಿಪೆಟ್ಟಿಗೆ ಒತ್ತಿ. ಅಂಟು ಹೆಚ್ಚಾದರೆ ಮುಂಭಾಗಕ್ಕೆ ಜಿನುಗಿ ಕಪ್ಪಗೆ ಕಲೆ ನಿಲ್ಲುತ್ತದೆ. ರೇಷ್ಮೆಯಲ್ಲಿ ಇದು ಇನ್ನೂ ಬೇಗ ಕಾಣುವುದರಿಂದ ಮೂಲೆಯ ಚೂರಿನಲ್ಲಿ ಮೊದಲು ನೋಡಿಕೊಳ್ಳಿ.

ಇನ್ನು ನೆರಿಗೆ. ಥರ್ಮಾಕೋಲ್ ಮೇಲೆ ಗುಂಡುಸೂಜಿ ಚುಚ್ಚಿ ನೆರಿಗೆ ಹಿಡಿಯುವವರಿದ್ದಾರೆ. ಒದ್ದೆ ಬಟ್ಟೆಯಲ್ಲಿ ಸೂಜಿ ತುಕ್ಕು ಬಿಡುತ್ತದೆ, ಬಿಳಿ ಮಲ್ ಮೇಲೆ ಆ ಕಲೆ ಹೋಗುವುದಿಲ್ಲ. ಅದಕ್ಕಿಂತ ಕಡ್ಡಿ ಪೊರಕೆಯ ತೆಂಗಿನ ಕಡ್ಡಿ ವಾಸಿ. ಹೆಚ್ಚುಕಮ್ಮಿ 2 ಮಿ.ಮೀ. ದಪ್ಪದ ಭಾಗವನ್ನೇ ಆರಿಸಿ, 6 ಇಂಚಿನ 28 ತುಂಡು ಮಾಡಿ, ತೊಳೆದು ಒಣಗಿಸಿ. ತೊಳೆಯದ ಕಡ್ಡಿ ಕಂದು ಬಣ್ಣ ಬಿಡುತ್ತದೆ. ಬಟ್ಟೆಗೆ ಅಂಟಿಕೊಳ್ಳದಂತೆ ಮೇಣದಬತ್ತಿ ಸವರಿ. ಒಂದು ಕಡ್ಡಿ ಬಟ್ಟೆಯ ಕೆಳಗೆ, ಮುಂದಿನದು ಮೇಲೆ, ಹೀಗೆ ಜೋಡಿಸುತ್ತಾ ಒಂದಕ್ಕೊಂದು ತಾಗುವಂತೆ ತಳ್ಳಿ. ಕಡ್ಡಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಎಲ್ಲ ಬುಡಗಳನ್ನೂ ಒಂದೇ ಕಡೆ ಇಟ್ಟರೆ ನೆರಿಗೆ ಬೀಸಣಿಗೆಯಾಗುತ್ತದೆ, ಆದ್ದರಿಂದ ಒಂದರ ಬುಡದ ಪಕ್ಕ ಇನ್ನೊಂದರ ತುದಿ ಬರಲಿ. ಎರಡೂ ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿ. ಮೂರೂವರೆ ಇಂಚಿನ ಬಟ್ಟೆ ಈಗ ಸುಮಾರು ಎರಡೂಕಾಲು ಇಂಚಿಗೆ ಇಳಿದಿರುತ್ತದೆ.

ಒಂದು ಚಮಚ ಫೆವಿಕಾಲಿಗೆ ಆರು ಚಮಚ ನೀರು ಸೇರಿಸಿ, ಸ್ಪ್ರೇ ಬಾಟಲಿಯಿಂದ ತೆಳುವಾಗಿ ಹೊಡೆಯಿರಿ. ತೊಟ್ಟಿಕ್ಕುವಷ್ಟು ಬೇಡ. ಅರ್ಧ ಒಣಗಿದಾಗ ಕಡ್ಡಿಗಳನ್ನು ಒಂದೊಂದಾಗಿ ಎಳೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಎರಡು ಸ್ಕೇಲುಗಳ ನಡುವೆ ಒತ್ತಿ 1½ ಇಂಚಿಗೆ ತನ್ನಿ; ಪೂರ್ತಿ ಒಣಗುವವರೆಗೆ ಹಾಗೇ ಬಿಡಿ. ಬೇಗ ಆಗಲೆಂದು ಕಡ್ಡಿ ಇರುವಾಗಲೇ ಹೇರ್ ಡ್ರೈಯರ್ ಹಿಡಿದರೆ ಮೇಣ ಕರಗಿ ಎಣ್ಣೆ ಕಲೆಯಾದೀತು. ಕಡ್ಡಿ ತೆಗೆದ ಮೇಲೆ ಅಡ್ಡಿಯಿಲ್ಲ.

ಅನ್ನದ ಗಂಜಿ ಸಾಲದೇ ಎಂದರೆ, ಊರು ನೋಡಿ ಹೇಳಬೇಕು. ಅರಸೀಕೆರೆ, ಕಡೂರಿನ ಒಣಹವೆಯಲ್ಲಿ ಗಂಜಿ ನೆರಿಗೆ ಗರಿಗರಿಯಾಗಿ ನಿಲ್ಲುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅದೇ ಗಂಜಿ ಮಳೆಗಾಲದ ಥಂಡಿ ಹೀರಿ ಮೆತ್ತಗಾಗುತ್ತದೆ, ನೆರಿಗೆ ಬಿಚ್ಚುತ್ತದೆ, ಕೊನೆಗೆ ಬೂಷ್ಟು ಹಿಡಿಯುತ್ತದೆ. ಗೊಂಬೆಯ ತಯಾರಿ ನಡೆಯುವುದೂ ಆ ಮಳೆಯಲ್ಲೇ. ಮಲೆನಾಡಿನ ಕಡೆಯವರು ಫೆವಿಕಾಲ್ ನೀರನ್ನೇ ನಂಬಿ.

ರಾಡಿಗೆ 3½ ಇಂಚಿನ ಹಳೆ ಸೈಕಲ್ ಕಡ್ಡಿ ಅಥವಾ ಬಿದಿರು ಕಡ್ಡಿ, ತುದಿಗೆ ಒಂದೊಂದು ಮಣಿ. ರಾಡ್ ತೂರಿಸಲು ಕರ್ಟನ್ನಿಗೆ ಗೂಡು ಬಿಡಬೇಡಿ, ಅಂಟುನೀರಿಗೆ ಅದು ಮುಚ್ಚಿಹೋಗುತ್ತದೆ. ಬದಲಿಗೆ ಸರ ಮಾಡಲು ಬಳಸುವ 6 ಮಿ.ಮೀ. ಬಳೆಗಳನ್ನು ಪ್ರತಿ ತುಂಡಿನ ಹಿಂಬದಿಗೆ ಆರರಂತೆ ಒಂದೇ ಎಳೆ ದಾರದಲ್ಲಿ ಕಟ್ಟಿ. ಒಂದು ಬದಿಯ ಮಣಿಯನ್ನು ಬಳೆಗಳು ಒಳಗೆ ಹೋದ ಮೇಲೆಯೇ ಅಂಟಿಸಬೇಕು, ಮರೆಯಬೇಡಿ.

ನಮ್ಮ ಕಡೆಯ ಹಳೆ ಮನೆಗಳಂತೆ ಕಿಟಕಿಯ ಕೆಳಗಿನ ಬಾಗಿಲುಗಳಿಗೆ ಮಾತ್ರ ಅರ್ಧ ಕರ್ಟನ್ ಬೇಕೆಂದರೆ ಕ್ರಮ ಬೇರೆ. ಅಲ್ಲಿ ಸ್ಪ್ರಿಂಗ್ ತಂತಿಯೇ ಸೊಗಸು. ಸುತ್ತು ಇರುವ ಹಳೆಯ ಗಿಟಾರ್ ತಂತಿ ಈ ಅಳತೆಗೆ ತದ್ರೂಪ ಸ್ಪ್ರಿಂಗ್ ಆಗಿ ಕಾಣುತ್ತದೆ. ಎರಡು ಇಂಚಿನ ಕರ್ಟನ್ನಿಗೆ 2½ ಇಂಚು ಉದ್ದದ ಬಟ್ಟೆ ತೆಗೆದುಕೊಂಡು, ಮಡಿಕೆಯ ತುದಿಯನ್ನಷ್ಟೇ ಅಂಟಿಸಿ ಗೂಡು ಬಿಡಿ, ತಂತಿ ತೂರಿಸಿ ಸುಕ್ಕು ಹಿಡಿಯಿರಿ. ಅಂಟುನೀರನ್ನು ಸ್ಪ್ರೇ ಮಾಡದೆ, ಗೂಡಿನ ಕೆಳಗಿನ ಭಾಗಕ್ಕೆ ಮಾತ್ರ ಬ್ರಷ್ಷಿನಲ್ಲಿ ಸವರಿ.

ಹಬ್ಬ ಮುಗಿದು ಎತ್ತಿಡುವಾಗ ಕರ್ಟನ್‌ಗಳನ್ನು ಮಡಿಸದೆ, ನೆರಿಗೆಯ ಉದ್ದಕ್ಕೇ ಬಟರ್ ಪೇಪರಿನಲ್ಲಿ ಸುತ್ತಿ. ಪೆಟ್ಟಿಗೆಯಲ್ಲಿ ಥರ್ಮಾಕೋಲ್ ಇದ್ದರೆ ನುಸಿಗುಳಿಗೆ ಹಾಕಬೇಡಿ, ಅದರ ಆವಿಗೆ ಥರ್ಮಾಕೋಲ್ ಕರಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ.