ಸಾಲ ಮಂಜೂರಾತಿಯ ಅಧಿಕಾರಗಳನ್ನು ಪೋಸ್ಟ್‌ಗ್ರೆಸ್ ಟೇಬಲ್‌ಗಳಲ್ಲಿ ಇಡುವುದು: ನನ್ನ ಅನುಭವ

ಹಲವು ಶಾಖೆಗಳಿರುವ ಪತ್ತಿನ ಸಹಕಾರ ಸಂಘದ ಸಾಲದ ತಂತ್ರಾಂಶವನ್ನೇ ತೆಗೆದುಕೊಳ್ಳಿ; ಅದರ ಮಾಹಿತಿಯೆಲ್ಲ ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ. ಶಾಖಾ ವ್ಯವಸ್ಥಾಪಕರು ತಮ್ಮ ಶಾಖೆಯ ಅರ್ಜಿಯನ್ನು 2 ಲಕ್ಷದವರೆಗೆ ಮಂಜೂರು ಮಾಡಬಹುದು. ತಾವೇ ದಾಖಲಿಸಿದ ಅರ್ಜಿಯನ್ನು ಮಾಡುವಂತಿಲ್ಲ. ಅವರು ರಜೆಯಲ್ಲಿದ್ದರೆ ಪ್ರಭಾರ ವಹಿಸಿಕೊಂಡವರಿಗೆ ಅದೇ ಅಧಿಕಾರ. ಕೇಳಲು ಸರಳ, ಆದರೆ ಇಷ್ಟರಲ್ಲೇ ರೋಲ್ (ಹುದ್ದೆಯ ಪಾತ್ರ), ಶಾಖೆ, ಮೊತ್ತದ ಮಿತಿ, ಅವಧಿ, ನಿಷೇಧ ಐದೂ ಬಂದುಬಿಟ್ಟವು. ಇವುಗಳಲ್ಲಿ ಕಚೇರಿಯವರು ಆಗಾಗ ಬದಲಾಯಿಸುವಂಥವನ್ನು ಟೇಬಲ್‌ನಲ್ಲಿ ಇಡುತ್ತೇನೆ. ಬೈಲಾ ತಿದ್ದುಪಡಿಯಾದಾಗ ಮಾತ್ರ ಬದಲಾಗುವ ತರ್ಕ ಕೋಡ್‌ನಲ್ಲೇ ಇರುತ್ತದೆ. ಮುಂದಿನ ಎಲ್ಲ ನಿರ್ಧಾರಗಳೂ ಈ ಗೆರೆಯ ಮೇಲೆ ನಿಂತಿವೆ.

ಯಾರಿಗೆ ಯಾವ ಅಧಿಕಾರ ಎಂದು ಪರೀಕ್ಷಿಸುವ ಲೈಬ್ರರಿ ಕ್ಯಾಸ್‌ಬಿನ್ ಬಳಸಿದವರಿಗೆ ಅದರ ಒಂದೇ ಟೇಬಲ್‌ನ ವಿನ್ಯಾಸ ಗೊತ್ತಿರುತ್ತದೆ: ನಿಯಮದ ಬಗೆ ಹೇಳುವ ಒಂದು ಕಾಲಂ, ಅದರ ಮುಂದೆ ವಿ0ಯಿಂದ ವಿ5ರವರೆಗೆ ಆರು ಪಠ್ಯ ಕಾಲಂಗಳು. ಬೇಗ ಶುರು ಮಾಡಲು ಇದು ಚೆನ್ನಾಗಿದೆ. ಆದರೆ ವಿ1ರಲ್ಲಿ ಇರುವುದು ರೋಲೋ ಶಾಖೆಯೋ ಎಂಬುದು ನಿಯಮಗಳ ರಚನೆ ಹೇಳುವ ಮಾಡೆಲ್ ಫೈಲ್ ತೆರೆದಾಗಲೇ ತಿಳಿಯುವುದು. ಫಾರಿನ್ ಕೀ, ಅಂದರೆ ಇನ್ನೊಂದು ಟೇಬಲ್‌ನಲ್ಲಿ ಇರುವ ಬೆಲೆಯೇ ಆಗಬೇಕೆಂಬ ಕಟ್ಟು, ಹಾಕಲು ಬರುವುದಿಲ್ಲ. ರೋಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಡೇಟಾಬೇಸ್ ಸುಮ್ಮನೆ ಒಪ್ಪಿಕೊಳ್ಳುತ್ತದೆ, ಬಳಕೆದಾರರಿಗೆ ಕಾರಣವಿಲ್ಲದೆ ಬಾಗಿಲು ಮುಚ್ಚುತ್ತದೆ. ಜೊತೆಗೆ ನಿಯಮಗಳೆಲ್ಲ ಮೆಮೊರಿಗೆ ಬಂದು ಕೂರುವುದರಿಂದ, ನೇರ ಎಸ್‌ಕ್ಯುಎಲ್‌ನಲ್ಲಿ (ಡೇಟಾಬೇಸ್‌ನ ಭಾಷೆ) ಒಂದು ರೋ (ಸಾಲು) ತಿದ್ದಿದರೆ ಓಡುತ್ತಿರುವ ಪ್ರೋಗ್ರಾಂಗೆ ಅದರ ಸುಳಿವೇ ಇರುವುದಿಲ್ಲ, ಮತ್ತೆ ಲೋಡ್ ಮಾಡಿಸಬೇಕು.

ಹಾಗಾಗಿ ನಾನು ಬಿಡಿಸಿ ಬರೆಯುತ್ತೇನೆ. ಬಳಕೆದಾರ, ರೋಲ್, ಪರ್ಮಿಷನ್, ರೋಲ್‌ಗೆ ಯಾವ ಪರ್ಮಿಷನ್, ಯಾರಿಗೆ ಯಾವ ರೋಲ್, ಯಾವ ರೋಲ್ ಯಾವುದರ ಕೆಳಗೆ: ಹೀಗೆ ಆರು ಟೇಬಲ್. ಪರ್ಮಿಷನ್ ಎಂದರೆ ವಸ್ತು ಮತ್ತು ಕ್ರಿಯೆಯ ಜೋಡಿ, ‘ಸಾಲದ ಅರ್ಜಿ, ಮಂಜೂರು’ ಎಂಬಂತೆ. ಆ ಜೋಡಿಗೆ ಯೂನಿಕ್ ಕಟ್ಟು ಇರುತ್ತದೆ, ಅದೇ ಜೋಡಿ ಎರಡು ಸಲ ಬರುವಂತಿಲ್ಲ. ಈ ಟೇಬಲ್‌ಗೆ ಹೊಸ ರೋ ಸೇರುವುದು ಮೈಗ್ರೇಷನ್‌ನಿಂದ (ಕೋಡ್ ಜೊತೆ ಹೋಗುವ ಡೇಟಾಬೇಸ್ ಬದಲಾವಣೆಯ ಸ್ಕ್ರಿಪ್ಟ್) ಮಾತ್ರ. ಅಡ್ಮಿನ್ ಪರದೆಯಲ್ಲಿ ‘ಹೊಸ ಪರ್ಮಿಷನ್’ ಬಟನ್ ಇಡುವುದು ನನಗೆ ಒಪ್ಪಿಗೆಯಿಲ್ಲ: ಕೋಡ್‌ನಲ್ಲಿ ಅದನ್ನು ಪರೀಕ್ಷಿಸುವ ಜಾಗವೇ ಇಲ್ಲದ ಮೇಲೆ ಆ ರೋ ಇದ್ದೂ ಇಲ್ಲದಂತೆ.

ಹೆಚ್ಚು ಕೆಲಸ ಬೇಡುವುದು ‘ಯಾರಿಗೆ ಯಾವ ರೋಲ್’ ಟೇಬಲ್. ಬಳಕೆದಾರ, ರೋಲ್, ಶಾಖೆ, ಅವಧಿ ಎಂದು ನಾಲ್ಕು ಕಾಲಂ. ಪ್ರಧಾನ ಕಚೇರಿಯವರಿಗೆ ಎಲ್ಲ ಶಾಖೆಗಳೂ ಸಲ್ಲುತ್ತವೆ, ಅದಕ್ಕೆ ಶಾಖೆಯ ಕಾಲಂ ನಲ್ (ಬೆಲೆಯೇ ಇಲ್ಲದ ಖಾಲಿ) ಬಿಟ್ಟರಾಯಿತು ಎಂದು ಯಾರಿಗಾದರೂ ಮೊದಲು ಹೊಳೆಯುತ್ತದೆ. ಬಿಡಬೇಡಿ. ಯೂನಿಕ್ ಇಂಡೆಕ್ಸ್ ಒಂದು ನಲ್ ಅನ್ನು ಇನ್ನೊಂದು ನಲ್‌ಗೆ ಸಮ ಎನ್ನುವುದಿಲ್ಲ. ಆದ್ದರಿಂದ ಒಂದೇ ನೇಮಕ ಎರಡು ರೋಗಳಾಗಿ ಒಳಗೆ ಬರುತ್ತದೆ. ಐಡಿ ಹಿಡಿದು ಒಂದನ್ನು ರದ್ದು ಮಾಡಿದಾಗ ಪರದೆ ‘ತೆಗೆಯಲಾಗಿದೆ’ ಎನ್ನುತ್ತದೆ, ಆ ವ್ಯಕ್ತಿ ಮಾತ್ರ ಮಂಜೂರು ಮಾಡುತ್ತಲೇ ಇರುತ್ತಾರೆ. ಪೋಸ್ಟ್‌ಗ್ರೆಸ್ 15ರಿಂದ ನಲ್‌ಗಳನ್ನು ಒಂದೇ ಎಂದು ಎಣಿಸುವ ಯೂನಿಕ್ ಆಯ್ಕೆ ಬಂದಿದೆ, ಆದರೆ ಅವಧಿ ಸೇರಿದ ಮೇಲೆ ನಮಗೆ ಬೇಕಾಗುವುದು ಯೂನಿಕ್ ಅಲ್ಲ, ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್. ಅದಕ್ಕೆ ಆ ಆಯ್ಕೆ ಇಲ್ಲ. ನನ್ನ ಪರಿಹಾರ ಸಾದಾ: ಶಾಖೆಗಳ ಟೇಬಲ್‌ನಲ್ಲಿ ಐಡಿ 0 ಇರುವ ‘ಎಲ್ಲ ಶಾಖೆಗಳು’ ಎಂಬ ಒಂದು ರೋ, ನೇಮಕದ ಕಾಲಂಗೆ ನಾಟ್ ನಲ್. ಸಮವಿದೆಯೇ ಎಂಬ ಹೋಲಿಕೆಯನ್ನೂ ಅಂಥ ಕನ್‌ಸ್ಟ್ರೇಂಟ್‌ಗೆ ಒದಗಿಸುವ ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಷನ್ ಹಾಕಿಕೊಂಡು, ಬಳಕೆದಾರ, ರೋಲ್, ಶಾಖೆ ಮೂರೂ ಸಮವಿದ್ದು ಅವಧಿ ಒಂದರ ಮೇಲೊಂದು ಬಿದ್ದರೆ ತಡೆಯುವ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಬರೆಯುತ್ತೇನೆ.

ಅವಧಿಗೆ ಟೈಮ್‌ಝೋನ್ ಸಹಿತ ರೇಂಜ್ ಟೈಪ್, ಅಂದರೆ ಶುರು ಮತ್ತು ಕೊನೆ ಎರಡನ್ನೂ ಒಂದೇ ಬೆಲೆಯಾಗಿ ಹಿಡಿಯುವ ಕಾಲಂ. ಕೆಳ ತುದಿ ಸೇರುತ್ತದೆ, ಮೇಲ್ತುದಿ ಸೇರುವುದಿಲ್ಲ. ಪ್ರಭಾರ 10ರಿಂದ 15ರವರೆಗೆ ಎಂದು ಆದೇಶವಿದ್ದರೆ ಮೇಲ್ತುದಿ 16ನೇ ತಾರೀಖು ಶುರುವಾಗುವ ಮಧ್ಯರಾತ್ರಿ. ಸೆಷನ್‌ನ ಟೈಮ್‌ಝೋನ್ ಯುಟಿಸಿ ಇದ್ದು, ಬರಿ ದಿನಾಂಕ ಕೊಟ್ಟರೆ ಆ ಮಧ್ಯರಾತ್ರಿ ನಮ್ಮ ಗಡಿಯಾರದಲ್ಲಿ ಬೆಳಗಿನ 5.30. ಉಳಿದ ದಿನ ಇದು ಯಾರಿಗೂ ಗೊತ್ತಾಗುವುದಿಲ್ಲ, ಮಾರ್ಚ್ 31ರ ರಾತ್ರಿ ಕೂತು ಲೆಕ್ಕ ಮುಗಿಸುವಾಗ ಗೊತ್ತಾಗುತ್ತದೆ. ಪರದೆಯಿಂದ ಬಂದ ದಿನಾಂಕಕ್ಕೆ ಏಷ್ಯಾ/ಕೋಲ್ಕತ್ತಾ ಝೋನ್ ಅಂಟಿಸಿಯೇ ಸೇರಿಸಿ. ರದ್ದು ಮಾಡುವಾಗ ರೋ ಅಳಿಸಬೇಡಿ, ಮೇಲ್ತುದಿಯನ್ನು ಆ ಕ್ಷಣಕ್ಕೆ ತಂದು ಮುಚ್ಚಿ. ‘ಆ ದಿನ ಮಂಜೂರು ಮಾಡಲು ಇವರಿಗೆ ಅಧಿಕಾರ ಇತ್ತೇ?’ ಎಂದು ಲೆಕ್ಕ ಪರಿಶೋಧಕರು ಕೇಳಿದಾಗ ಒಂದು ಕ್ವೆರಿಯಲ್ಲಿ ಉತ್ತರ ಸಿಗುತ್ತದೆ. ರೋಲ್‌ಗೆ ಯಾವ ಪರ್ಮಿಷನ್ ಎಂಬ ಟೇಬಲ್‌ಗೂ ರೋಲ್‌ಗಳ ಶ್ರೇಣಿಯ ಟೇಬಲ್‌ಗೂ ಹೀಗೇ ಅವಧಿ ಬೇಕು, ಇಲ್ಲದಿದ್ದರೆ ಉತ್ತರ ಅರ್ಧವೇ.

ರೋಲ್‌ಗಳ ಶ್ರೇಣಿಯನ್ನು ರಿಕರ್ಸಿವ್ ಸಿಟಿಇಯಿಂದ, ಅಂದರೆ ತನ್ನ ಫಲಿತಾಂಶವನ್ನೇ ಮತ್ತೆ ಮತ್ತೆ ಬಳಸಿ ಮುಂದೆ ಹೋಗುವ ಕ್ವೆರಿಯಿಂದ, ಬಿಡಿಸುತ್ತೇನೆ. ಯೂನಿಯನ್ ಆಲ್ ಬೇಡ, ಯೂನಿಯನ್ ಬಳಸಿ: ಯಾರಾದರೂ ‘ಅ’ ರೋಲ್‌ನ ಕೆಳಗೆ ‘ಆ’, ‘ಆ’ ರೋಲ್‌ನ ಕೆಳಗೆ ‘ಅ’ ಎಂದು ಸುತ್ತು ಹಾಕಿಬಿಟ್ಟರೆ ಯೂನಿಯನ್ ಬಂದ ರೋ ಮತ್ತೆ ಬಂದಾಗ ಬಿಟ್ಟುಬಿಡುತ್ತದೆ, ಕ್ವೆರಿ ನಿಲ್ಲುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಡೀಬಗ್ ಮಾಡಲೆಂದು ಅದೇ ಸಿಟಿಇಗೆ ಆಳ ಎಣಿಸುವ ಕಾಲಂ ಒಂದನ್ನು ಸೇರಿಸಿದರೆ ಪ್ರತಿ ಸುತ್ತಿನ ರೋ ಬೇರೆಯಾಗುತ್ತದೆ, ಯೂನಿಯನ್‌ನ ರಕ್ಷಣೆ ಅಲ್ಲಿಗೆ ಮುಗಿಯಿತು.

ನಿಷೇಧದ ರೋ ಒಂದಿದ್ದರೂ ಅನುಮತಿ ಸಲ್ಲದು ಎಂಬ ನಿಯಮವನ್ನು ಎರಡು ಬೂಲ್-ಆರ್‌ಗಳಿಂದ (ಒಂದು ರೋನಲ್ಲಾದರೂ ನಿಜವಿದ್ದರೆ ನಿಜ ಎನ್ನುವ ಫಂಕ್ಷನ್) ಬರೆಯಬಹುದು: ಅನುಮತಿ ಇದೆ, ಮತ್ತು ನಿಷೇಧ ಇಲ್ಲ. ಆದರೆ ಹೊಂದುವ ರೋ ಒಂದೂ ಇಲ್ಲದಾಗ ಬೂಲ್-ಆರ್ ಸುಳ್ಳು ಎನ್ನುವುದಿಲ್ಲ, ನಲ್ ಕೊಡುತ್ತದೆ. ಅದನ್ನು ಅಪ್ಲಿಕೇಷನ್ ಹೇಗೆ ಓದುತ್ತದೋ ನಂಬುವಂತಿಲ್ಲ. ನಲ್ ಬದಲು ಬೇರೆ ಬೆಲೆ ಕೊಡುವ ಕೋಅಲೆಸ್ ಹಾಕಿ ಡೇಟಾಬೇಸ್‌ನಲ್ಲೇ ಸುಳ್ಳಾಗಿಸಿ.

ಮೊತ್ತದ ಮಿತಿಗೆ ನ್ಯೂಮರಿಕ್ (ಸಂಖ್ಯೆಯ) ಕಾಲಂ ಒಂದೇ ಸಾಕು. ಷರತ್ತುಗಳನ್ನೆಲ್ಲ ಜೇಸನ್‌ಬಿ (ಕೀ ಮತ್ತು ಬೆಲೆಗಳ ಜೋಡಿಗಳನ್ನು ಒಟ್ಟಿಗೆ ಇಡುವ) ಕಾಲಂಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಅದರಿಂದ ಎರಡು ಬಾಣಗಳ ಆಪರೇಟರ್‌ನಲ್ಲಿ ತೆಗೆದ ಬೆಲೆ ಪಠ್ಯ. ಪಠ್ಯವಾಗಿ ಹೋಲಿಸಿದರೆ 90000 ಎಂಬುದು 200000ಕ್ಕಿಂತ ದೊಡ್ಡದು, ಏಕೆಂದರೆ 9 ದೊಡ್ಡದು, 2 ಚಿಕ್ಕದು. ತೊಂಬತ್ತು ಸಾವಿರದ ಸಾಲ ಮಿತಿ ಮೀರಿದೆ ಎಂದು ತಿರಸ್ಕಾರವಾದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಹತ್ತು ಲಕ್ಷದ್ದು, ಅಂದರೆ 1000000, ಮಿತಿಯೊಳಗಿದೆ ಎಂದು ದಾಟಿಬಿಟ್ಟರೆ ಯಾರೂ ಹೇಳುವುದಿಲ್ಲ. ಇನ್ನು ಕೀ ಇಲ್ಲದಿದ್ದರೆ ನಲ್: ಅನುಮತಿಯ ರೋನಲ್ಲಿ ಅದರಿಂದ ತಡೆಯಾಗುತ್ತದೆ, ಚಿಂತೆಯಿಲ್ಲ; ನಿಷೇಧದ ರೋನಲ್ಲಿ ನಿಷೇಧವೇ ಹಾರಿಹೋಗುತ್ತದೆ. ತಾವೇ ದಾಖಲಿಸಿದ್ದನ್ನು ತಾವೇ ಮಂಜೂರು ಮಾಡಬಾರದು ಎಂಬುದನ್ನು ಪಾಲಿಸಿ (ಅಧಿಕಾರದ ನಿಯಮಗಳ) ಟೇಬಲ್‌ಗೆ ತರುವುದೇ ಇಲ್ಲ. ಅದು ಅರ್ಜಿಯ ಟೇಬಲ್ ಮೇಲಿನ ಚೆಕ್ ಕನ್‌ಸ್ಟ್ರೇಂಟ್, ಅಂದರೆ ಪ್ರತಿ ರೋ ಪಾಲಿಸಲೇಬೇಕಾದ ಷರತ್ತು. ಮಂಜೂರು ಮಾಡಿದವರ ಕಾಲಂ ನಲ್ ಇರುವವರೆಗೆ ಚೆಕ್ ತಾನಾಗಿ ಪಾಸಾಗುತ್ತದೆ, ಇಲ್ಲಿ ನಮಗೆ ಬೇಕಿರುವುದೂ ಅದೇ.

ಪ್ರತಿ ಕೋರಿಕೆಗೂ ಈ ಕ್ವೆರಿ ಓಡಿಸಬೇಕಿಲ್ಲ, ಬಳಕೆದಾರರ ಪರ್ಮಿಷನ್‌ಗಳನ್ನು ಕ್ಯಾಶ್ ಮಾಡಬಹುದು, ಅಂದರೆ ಒಮ್ಮೆ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬಹುದು. ಕ್ಯಾಶ್ ಹಳತಾಯಿತೆಂದು ತಿಳಿಯಲು ಒಂದೇ ರೋ ಇರುವ ಆವೃತ್ತಿ ಟೇಬಲ್ ಇಟ್ಟು, ಪಾಲಿಸಿ ಟೇಬಲ್‌ಗಳು ಬದಲಾದಾಗ ಸ್ಟೇಟ್‌ಮೆಂಟ್ ಮಟ್ಟದ (ಒಂದು ಆದೇಶಕ್ಕೆ ಒಮ್ಮೆ ತಾನಾಗಿ ಓಡುವ) ಟ್ರಿಗರ್‌ನಿಂದ ಸಂಖ್ಯೆ ಒಂದು ಏರಿಸುತ್ತೇನೆ. ಇದಕ್ಕೆ ಸೀಕ್ವೆನ್ಸ್ (ಡೇಟಾಬೇಸ್ ತಾನೇ ಕೊಡುವ ಏರುವ ಸಂಖ್ಯೆ) ಬಳಸಬಾರದು. ಸೀಕ್ವೆನ್ಸ್ ಟ್ರಾನ್ಸಾಕ್ಷನ್‌ಗೆ (ಒಟ್ಟಿಗೇ ಕಮಿಟ್ ಅಂದರೆ ಖಾಯಂ, ಇಲ್ಲವೇ ರೋಲ್‌ಬ್ಯಾಕ್ ಅಂದರೆ ರದ್ದು ಆಗುವ ಬದಲಾವಣೆಗಳ ಗುಂಪು) ಕಟ್ಟುಬಿದ್ದಿಲ್ಲ: 11 ಪಡೆದವರು ಇನ್ನೂ ಕಮಿಟ್ ಮಾಡುವ ಮೊದಲೇ 12 ಪಡೆದವರು ಕಮಿಟ್ ಮಾಡಬಹುದು. ಆಗ ಕ್ಯಾಶ್ 12ಕ್ಕೆ ಬಂದು ನಿಂತಿರುತ್ತದೆ, ಆಮೇಲೆ ಬಂದ 11ರ ಬದಲಾವಣೆಯನ್ನು ನೋಡುವುದೇ ಇಲ್ಲ. ಎಣಿಕೆಯ ರೋ ಆದರೆ ಲಾಕ್‌ನಿಂದಾಗಿ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಪಾಲಿಸಿ ಬರೆಯುವವರು ಕಡಿಮೆ ಇರುವುದರಿಂದ ಈ ಕಾಯುವಿಕೆ ಹೊರೆಯಲ್ಲ.

ಸುದ್ದಿ ಮುಟ್ಟಿಸಲು ಅದೇ ಟ್ರಿಗರ್‌ನಿಂದ ನೋಟಿಫೈ, ಅಂದರೆ ಲಿಸನ್ ಎಂದು ಕಾದಿರುವ ಪ್ರೋಗ್ರಾಂಗಳಿಗೆ ಡೇಟಾಬೇಸ್ ಕಳಿಸುವ ಸಂದೇಶ. ಕಮಿಟ್ ಆದ ಮೇಲೇ ಅದು ಹೊರಡುತ್ತದೆ, ರೋಲ್‌ಬ್ಯಾಕ್ ಆದರೆ ಹೊರಡುವುದಿಲ್ಲ. ಸಂದೇಶ 8000 ಬೈಟ್ ಒಳಗಿರಬೇಕು, ಆದ್ದರಿಂದ ಆವೃತ್ತಿ ಸಂಖ್ಯೆಯಷ್ಟೇ ಕಳಿಸಿ. ಕೇಳುವ ಕಡೆಗೆ ಡೇಟಾಬೇಸ್ ಸಂಪರ್ಕಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್ ಮೂಲಕ ಹೋಗದ ಒಂದು ನೇರ ಸಂಪರ್ಕ ಬೇಕು, ಟ್ರಾನ್ಸಾಕ್ಷನ್‌ಗೊಮ್ಮೆ ಸಂಪರ್ಕ ಕೈ ಬದಲಾಗುವ ಅದರ ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ ಲಿಸನ್ ನಡೆಯುವುದಿಲ್ಲ. ಸಂಪರ್ಕ ಕಡಿದಾಗ ಬಂದ ಸಂದೇಶಗಳು ಹೋದಂತೆಯೇ. ಮತ್ತೆ ಕೂಡಿದ ಕೂಡಲೇ ಕ್ಯಾಶ್ ಖಾಲಿ ಮಾಡಿ, ಮೇಲಿಂದ 30 ಸೆಕೆಂಡಿಗೊಮ್ಮೆ ಆವೃತ್ತಿ ಓದಿ.

ಪಟ್ಟಿಯ ಪುಟಗಳಿಗೆ ರೋ-ಲೆವೆಲ್ ಸೆಕ್ಯುರಿಟಿ (ಯಾರಿಗೆ ಯಾವ ರೋ ಕಾಣಬೇಕೆಂದು ಡೇಟಾಬೇಸೇ ಸೋಸುವುದು) ಬಳಸುವವರು ಗಮನಿಸಿ: ಟೇಬಲ್‌ನ ಒಡೆತನ ಇರುವ ಬಳಕೆದಾರನಿಗೆ ಅದು ಅನ್ವಯಿಸುವುದಿಲ್ಲ, ಫೋರ್ಸ್ ಎಂದು ಬೇರೆಯಾಗಿ ಹೇಳಬೇಕು. ಬಳಕೆದಾರರ ಐಡಿಯನ್ನು ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮಾತ್ರ ನಿಲ್ಲುವ ಸೆಟ್ ಲೋಕಲ್‌ನಲ್ಲೇ ಇಡಿ. ಬರಿ ಸೆಟ್ ಆದರೆ ಪೂಲ್‌ನ ಅದೇ ಸಂಪರ್ಕ ಹಿಡಿದ ಮುಂದಿನವರಿಗೆ ಹಿಂದಿನವರ ಅಧಿಕಾರ ಸಿಗುತ್ತದೆ. ಟ್ರಾನ್ಸಾಕ್ಷನ್ ಮುಗಿದ ಮೇಲೆ ಆ ಸೆಟ್ಟಿಂಗ್ ನಲ್ ಆಗುವುದಿಲ್ಲ, ಖಾಲಿ ಪಠ್ಯವಾಗಿ ಉಳಿಯುತ್ತದೆ. ಅದನ್ನು ಸಂಖ್ಯೆಗೆ ತಿರುಗಿಸುವಾಗ ದೋಷ ಬರದಂತೆ, ಖಾಲಿ ಪಠ್ಯವನ್ನು ನಲ್ ಆಗಿಸುವ ನಲ್‌ಇಫ್ ಹಾಕಿ.

ಹಣ ಕದಲುವ ಕ್ರಿಯೆಗೆ ಕ್ಯಾಶ್ ನಂಬುವುದಿಲ್ಲ. ಮಂಜೂರಾತಿಯ ಟ್ರಾನ್ಸಾಕ್ಷನ್‌ನಲ್ಲೇ ನೇಮಕದ ರೋ ಅನ್ನು ಫಾರ್ ಶೇರ್ ಎಂದು ಹಿಡಿದು ಪರೀಕ್ಷಿಸುತ್ತೇನೆ, ಆಗ ಅದೇ ಹೊತ್ತಿಗೆ ರದ್ದು ಮಾಡುವವರು ಕಾಯುತ್ತಾರೆ. ಇದಕ್ಕೊಂದು ತೊಡಕಿದೆ: ಅಪ್ಲಿಕೇಷನ್‌ನ ಡೇಟಾಬೇಸ್ ಬಳಕೆದಾರನಿಗೆ ಪಾಲಿಸಿ ಟೇಬಲ್‌ಗಳ ಮೇಲೆ ಸೆಲೆಕ್ಟ್ ಮಾತ್ರ ಕೊಟ್ಟಿರಬೇಕು, ಆದರೆ ಫಾರ್ ಶೇರ್‌ಗೆ ಅಪ್‌ಡೇಟ್ ಹಕ್ಕೂ ಬೇಕು. ಹಕ್ಕು ಸಡಿಲಿಸುವ ಬದಲು ಆ ಪರೀಕ್ಷೆಯನ್ನು ಕರೆದವರ ಬದಲು ತನ್ನ ಒಡೆಯರ ಹಕ್ಕಿನಲ್ಲಿ ಓಡುವ ಸೆಕ್ಯುರಿಟಿ ಡಿಫೈನರ್ ಫಂಕ್ಷನ್ ಒಂದರಲ್ಲಿ ಇಟ್ಟು, ಅದರ ಸರ್ಚ್ ಪಾತ್ (ಟೇಬಲ್ ಹೆಸರುಗಳನ್ನು ಹುಡುಕುವ ಜಾಗಗಳ ಪಟ್ಟಿ) ನಿಗದಿ ಮಾಡಿ, ಎಲ್ಲರಿಗೂ ತಾನಾಗಿ ಸಿಗುವ ಎಕ್ಸಿಕ್ಯೂಟ್ ಹಕ್ಕನ್ನು ಕಿತ್ತು ಅಪ್ಲಿಕೇಷನ್ ಬಳಕೆದಾರನಿಗಷ್ಟೇ ಕೊಡುತ್ತೇನೆ.