ಎಂಜಿನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ಚೆನ್ನಾಗಿಯೇ ಓಡುತ್ತಿದ್ದ ಕಾರು ನಡುದಾರಿಯಲ್ಲಿ ನಿಂತುಬಿಡುತ್ತದೆ. ಎಳೆಸಿಕೊಂಡು ಗ್ಯಾರೇಜಿಗೆ ಬಿಟ್ಟು ಬರುತ್ತೀರಿ. ಸಂಜೆ ಫೋನ್ ಬರುತ್ತದೆ: "ಎಂಜಿನ್ ಕೆಲಸ ಇದೆ, ದೊಡ್ಡದು." ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ನನಗೂ ಹತ್ತಿರಲಿಲ್ಲ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನೋಡಿಯೂ, ಮನೆ ಇನ್ನೇನು ಬಂತು ಎಂದು ಓಡಿಸಿದ್ದೆ. ಕಂಡ ಕೂಡಲೇ ನಿಲ್ಲಿಸಿದ್ದರೆ ಒಡೆದ ಹೋಸ್ ಪೈಪ್ ಒಂದನ್ನು ಬದಲಿಸಿ ಮುಗಿಯುತ್ತಿತ್ತು. ಓಡಿಸಿದ್ದಕ್ಕೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡೇ ಬಾಗಿತ್ತು.

ಎರಡು ಭಾಗಗಳ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಬದಲಿಸುವುದೂ ಎಂಜಿನ್ ಕೆಲಸವೇ, ಎಂಜಿನ್ನಿನ ಅಡಿಯಲ್ಲಿ ತಿರುಗುವ ದೊಡ್ಡ ದಂಡ ಕ್ರ್ಯಾಂಕ್‌ಶಾಫ್ಟ್ ಹೊರತೆಗೆಯುವುದೂ ಎಂಜಿನ್ ಕೆಲಸವೇ. ಖರ್ಚು ಮಾತ್ರ ಅಜಗಜಾಂತರ. ನಮ್ಮದು ಇವುಗಳಲ್ಲಿ ಯಾವುದು ಅಂತ ಗೊತ್ತಿಲ್ಲದಿರುವುದರಿಂದಲೇ ಅರ್ಧ ಚಿಂತೆ. ಅದನ್ನು ಗೊತ್ತುಮಾಡಿಕೊಳ್ಳುವ ದಾರಿ ಇದೆ.

ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ

ಕೀ ತಿರುಗಿಸಿ ನೋಡೋಣ ಅನ್ನಿಸುತ್ತದೆ. ಬೇಡ. ಸಣ್ಣ ರಿಪೇರಿ ದೊಡ್ಡದಾಗುವುದು ಜಾಸ್ತಿ ಈ ಹೊತ್ತಿನಲ್ಲೇ.

ನೀರು ತುಂಬಿದ ರಸ್ತೆಯಲ್ಲಿ ನಿಂತಿದ್ದರೆ, ಏರ್ ಫಿಲ್ಟರ್ ದಾರಿಯಿಂದ ನೀರು ಸಿಲಿಂಡರ್ ಸೇರಿರಬಹುದು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿ ಮಾಡಬಲ್ಲದು. ನೀರು ಹಾಗೆ ಕುಗ್ಗುವುದಿಲ್ಲ. ಸ್ಟಾರ್ಟರ್ ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬಹುದು. ಸಿಲಿಂಡರಿನ ತಲೆಯಲ್ಲಿರುವ ಪ್ಲಗ್ ಬಿಚ್ಚಿ, ನೀರು ತೆಗೆದು, ಆಯಿಲ್ ಬದಲಿಸಿ ಉಳಿಸಿಕೊಳ್ಳಬಹುದಾದ ಎಂಜಿನ್ ಹೀಗೆ ಹಾಳಾಗುತ್ತದೆ.

ಬಿಸಿ ಏರಿ ನಿಂತಿದ್ದರೆ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗಿನ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಒತ್ತಡದಲ್ಲಿರುತ್ತದೆ. 100 ಡಿಗ್ರಿ ದಾಟಿದರೂ ಅದು ಕುದಿಯದೆ ಇರುವುದು ಆ ಒತ್ತಡದಿಂದಲೇ. ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು, ಲೋಹ ಬಿರುಕು ಬಿಡಬಹುದು.

ಆಯಿಲ್ ಕ್ಯಾನ್ ಗುರುತಿನ ಕೆಂಪು ದೀಪ ಬಂದರೆ ಮೆಲ್ಲಗೆ ಓಡಿಸುತ್ತೇನೆ ಅನ್ನುವ ಮಾತೇ ಇಲ್ಲ. ಕ್ರ್ಯಾಂಕ್‌ಶಾಫ್ಟ್ ತಿರುಗುವುದು ಆಯಿಲಿನ ತೆಳು ಪದರದ ಮೇಲೆ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜಿ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ. ವಾಲ್ವ್ ಮತ್ತು ಪಿಸ್ಟನ್‌ಗಳ ಲಯ ಕೂಡಿಸುವ ಟೈಮಿಂಗ್ ಬೆಲ್ಟ್ ಕಡಿದಿದೆ ಎಂಬ ಅನುಮಾನವಿದ್ದರೂ ಅಷ್ಟೇ. ವಾಲ್ವ್ ಅಂದರೆ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ಬಾಗಿಲು. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ಹೋದ ಮೇಲೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಮತ್ತೆ ತಿರುಗಿಸಿದಷ್ಟೂ ಹೆಚ್ಚು ವಾಲ್ವ್ ಬಾಗುತ್ತವೆ. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟಿದ್ದರೆ ಕೀಯನ್ನೇ ಮುಟ್ಟಬೇಡಿ. ಸ್ಟಾರ್ಟ್ ಮಾಡಿರದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವುದರಲ್ಲೇ ಸಾಮಾನ್ಯವಾಗಿ ಮುಗಿಯುತ್ತದೆ.

ನೆನಪು ಹಸಿ ಇರುವಾಗಲೇ ಬರೆದಿಡಿ

ಯಾವ ದೀಪ ಮೊದಲು ಬಂತು, ಎಂಥ ಸದ್ದಾಯಿತು, ಹೊಗೆ ಬಿಳಿಯೋ ನೀಲಿಯೋ ಕಪ್ಪೋ, ನಿಲ್ಲುವ ಮೊದಲು ಎಷ್ಟು ದೂರ ಓಡಿಸಿದಿರಿ. ಕಡೆಯ ಪ್ರಶ್ನೆಗೆ ನಿಜ ಹೇಳಿ. ಮೆಕ್ಯಾನಿಕ್ ಎಲ್ಲಿಂದ ಹುಡುಕಲು ಶುರುಮಾಡಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಡ್ಯಾಶ್‌ಬೋರ್ಡ್, ಬಾನೆಟ್ ಒಳಭಾಗ, ನೆಲಕ್ಕೆ ಸೋರಿದ್ದು, ಎಲ್ಲದರ ಫೋಟೊ ತೆಗೆಯಿರಿ. ವಿಮೆ ಇದ್ದರೆ ಎಂಜಿನ್ ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ. ಅವರ ಕಡೆಯವರು ನೋಡುವ ಮೊದಲು ಬಿಚ್ಚಿದರೆ, ಏನಾಗಿತ್ತು ಎಂದು ತೋರಿಸುವುದು ಕಷ್ಟ. ಎಂಜಿನ್ ಹಾನಿಗೆ ಪಾಲಿಸಿಯಲ್ಲಿ ಏನು ಬರೆದಿದೆ ಎಂಬುದನ್ನು ಕೂತು ಓದಿ.

ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳು

ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಎಂಜಿನ್ ಇಳಿಸಬೇಕು ಅಂದ ತಕ್ಷಣ ಹೂಂ ಅನ್ನಬೇಡಿ. ಯಾವ ಪರೀಕ್ಷೆ ಮಾಡಿದಿರಿ, ಅಂಕಿ ಎಷ್ಟು ಬಂತು ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲು ಸುಲಭದ್ದು. ಆಯಿಲ್ ದೀಪ ಬಂದಿದ್ದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿಸಿ, ಆಯಿಲ್ ಸಾಕಷ್ಟಿದ್ದರೆ ಬೇರೆ ಗೇಜ್ ಹಾಕಿ ಒತ್ತಡ ಅಳೆಸಿ. ಕೆಲವು ಸಲ ಸೆನ್ಸರ್ ಮಾತ್ರ ಕೆಟ್ಟಿರುತ್ತದೆ. ಡಿಪ್‌ಸ್ಟಿಕ್‌ನಲ್ಲೇ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಅದಕ್ಕೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ತುಸು ಬಿಳಿ ಕೆನೆ ಕಟ್ಟಿದ್ದರೆ ಅಷ್ಟಕ್ಕೇ ಹೆದರಬೇಡಿ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ತೇವ ಕೂತು ಹೀಗಾಗುವುದುಂಟು.

ಗ್ಯಾಸ್ಕೆಟ್ ಅನುಮಾನ ಪರಿಹರಿಸಲು ನೀಲಿ ದ್ರವದ ಪರೀಕ್ಷೆ ಇದೆ. ಕೂಲೆಂಟ್ ಮೇಲಿನ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನಲ್ಲಿ ಉರಿದ ಅನಿಲ ಕೂಲೆಂಟಿಗೆ ನುಗ್ಗಿದ್ದರೆ ನೀಲಿ ಹಳದಿಗೆ ತಿರುಗುತ್ತದೆ.

ಆಮೇಲೆ ಕಂಪ್ರೆಷನ್ ಪರೀಕ್ಷೆ. ಪ್ಲಗ್ ಜಾಗದಲ್ಲಿ ಗೇಜ್ ಕೂರಿಸಿ ಒಂದೊಂದೇ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಇದಕ್ಕೆ ಎಂಜಿನ್ ತಿರುಗಿಸಬೇಕಾಗುತ್ತದೆ, ಆದ್ದರಿಂದ ನೀರು ಹೊಕ್ಕಿಲ್ಲ, ಬೆಲ್ಟ್ ಸರಿಯಿದೆ ಎಂದು ಖಾತ್ರಿಯಾದ ಮೇಲೇ ಮಾಡಬೇಕು. ಸಿಲಿಂಡರ್‌ಗಳ ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅನ್ನುವುದನ್ನು ಗಮನಿಸಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಬಂದರೆ, ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಒಂದರಲ್ಲಿ ಮಾತ್ರ ಕಡಿಮೆಯಾದರೆ ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು.

ಇನ್ನೂ ಖಚಿತವಾಗಬೇಕಾದರೆ ಸಿಲಿಂಡರಿಗೆ ಗಾಳಿ ತುಂಬಿ, ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡುತ್ತಾರೆ. ಸೈಲೆನ್ಸರ್‌ನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಮುಚ್ಚಳದ ಬಳಿಯಾದರೆ ರಿಂಗ್. ಕೂಲೆಂಟಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ನಿಮಗೂ ಕೇಳಿಸುತ್ತದೆ, ಅಲ್ವಾ? ಪಕ್ಕದಲ್ಲೇ ನಿಂತು ಕೇಳಿ. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಒಳಗಿನ ಗೀರುಗಳನ್ನೂ ನೋಡಬಹುದು.

ಲೆಕ್ಕ ಹಾಕುವುದು

ಈಗ ಎಸ್ಟಿಮೇಟ್ ಬರೆಸಿಕೊಳ್ಳಿ. ಬಿಡಿಭಾಗ ಬೇರೆ, ಕೂಲಿ ಬೇರೆ. ಬಿಚ್ಚಿ ನೋಡಿದ ಮೇಲೆ ರಿಪೇರಿ ಬೇಡ ಅಂದರೆ ಎಷ್ಟು ಕೊಡಬೇಕು ಎಂಬುದೂ ಅದರಲ್ಲಿರಲಿ. ಇನ್ನೊಂದು ಗ್ಯಾರೇಜಿಗೂ ಅದೇ ಪರೀಕ್ಷೆಯ ಅಂಕಿಗಳನ್ನು ತೋರಿಸಿ ಕೇಳಿ.

ಹಾನಿ ಹೆಡ್‌ನಲ್ಲಿ ಮಾತ್ರ ಇದ್ದು, ಕಾರು ಉಳಿದಂತೆ ಗಟ್ಟಿಯಾಗಿದ್ದರೆ ರಿಪೇರಿ ಮಾಡಿಸಿ ಎನ್ನುತ್ತೇನೆ. ಹೆಡ್ ಬಿಚ್ಚಿದ ಮೇಲೆ ನೇರ ಪಟ್ಟಿ ಇಟ್ಟು ಬಾಗು ಅಳೆಯಲೇಬೇಕು. ಹಲವು ಎಂಜಿನ್‌ಗಳಲ್ಲಿ 0.05 ಮಿ.ಮೀ. ಬಾಗಿದರೂ ಹೆಚ್ಚೇ. ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದು ಮತ್ತೆ ಹೋಗುತ್ತದೆ. ಒಮ್ಮೆ ಬಿಗಿದರೆ ಹಿಗ್ಗುವ ಮಾದರಿಯ ಹೆಡ್ ಬೋಲ್ಟ್ ಆಗಿದ್ದರೆ ಹೊಸದನ್ನೇ ಹಾಕಿಸಿ. ಥರ್ಮೋಸ್ಟಾಟ್, ವಾಟರ್ ಪಂಪ್ ಹಳೆಯದಾಗಿದ್ದರೆ ಈಗಲೇ ಬದಲಿಸಿ.

ಎಂಜಿನ್ನಿನ ಕೆಳಭಾಗವೂ (ಕ್ರ್ಯಾಂಕ್‌ಶಾಫ್ಟ್, ಬೇರಿಂಗ್) ಹೋಗಿದ್ದರೆ ಒಟ್ಟು ಖರ್ಚನ್ನು ಕಾರಿನ ಈಗಿನ ಬೆಲೆಯ ಪಕ್ಕ ಇಟ್ಟು ನೋಡಿ. ಬಳಸಿದ ಎಂಜಿನ್ ಹಾಕಿಸುವುದು ಅಗ್ಗ ಅನ್ನಿಸಬಹುದು. ಅದರ ಕಂಪ್ರೆಷನ್ ಅಂಕಿ ಮತ್ತು ಬರಹದ ಗ್ಯಾರಂಟಿ ಎರಡೂ ಇಲ್ಲದಿದ್ದರೆ ಒಪ್ಪಬೇಡಿ. ಎಂಜಿನ್ ನಂಬರ್ ಬದಲಾದರೆ ಕಾರಿನ ದಾಖಲೆಯೂ ಬದಲಾಗಬೇಕಾಗಬಹುದು, ಮೊದಲೇ ವಿಚಾರಿಸಿ.

ಕೈಗೆ ಬಂದ ಮೇಲೆ

ತೆಗೆದ ಹಳೆಯ ಭಾಗಗಳನ್ನು ನೋಡಿಯೇ ದುಡ್ಡು ಕೊಡಿ. ಮೊದಲ ಕೆಲವು ದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ, ಗೆರೆ ಇಳಿಯುತ್ತಿದ್ದರೆ ಕೂಡಲೇ ಗ್ಯಾರೇಜಿಗೆ ಒಯ್ಯಿರಿ. ಪಿಸ್ಟನ್ ಅಥವಾ ರಿಂಗ್ ಹೊಸದಾಗಿದ್ದರೆ ಮೊದಲ 1000 ಕಿ.ಮೀ. ಎಂಜಿನ್ನನ್ನು ಜೋರಾಗಿ ಎಳೆಸಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬೇಡಿ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ತೋರಿಸಲು ಹೇಳಿ. ಮಡಿಕೆಗಳಲ್ಲಿ ಹೊಳೆಯುವ ಚೂರುಗಳು ತುಂಬಿದ್ದರೆ, ಗ್ಯಾರಂಟಿ ಅವಧಿಯೊಳಗೇ ಬೇರಿಂಗ್ ನೋಡಿಸಿ.