ಹಳೇ ಝೆನ್ನಿನ ಮಿಸ್ಸಿಂಗ್, ಎರಡಿಂಚಿನ ಪೈಪು

ಗಾಂಧಿ ಚೌಕದಲ್ಲಿ ಗಾಡಿ ನಿಂತಾಗಲೆಲ್ಲ ಒಳಗಿನ ಕನ್ನಡಿ ನಡುಗುತ್ತಿತ್ತು. ಹಿಂದೆ ನಿಂತ ಆಟೋ ಎರಡೆರಡಾಗಿ ಕಾಣುತ್ತಿತ್ತು. ಗೇರ್ ರಾಡಿನ ಮೇಲೆ ಕೈ ಇಟ್ಟರೆ ಚಳಿಜ್ವರ ಬಂದವರ ಕೈ ಹಿಡಿದ ಹಾಗೆ. ಸೈಲೆನ್ಸರ್‌ನಿಂದ ಟುಪ್ ಟುಪ್ ಟುಪ್, ನಡುವೆ ಒಂದು ಹೊಡೆತ ಖಾಲಿ, ಮತ್ತೆ ಟುಪ್ ಟುಪ್. ಇದಕ್ಕೇ ಮಿಸ್ಸಿಂಗ್ ಅನ್ನುವುದು, ಒಂದು ಸಿಲಿಂಡರ್ ಉರಿಯದೆ ಸುಮ್ಮನಿರುವುದು.

ನಮ್ಮದು 1997ರ ಮಾರುತಿ ಝೆನ್ ಕಾರು. ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬೊರೇಟರ್ ಇರುವ ಗಾಡಿ, 993 ಸಿಸಿ, ನಾಲ್ಕು ಸಿಲಿಂಡರ್. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಡಿಕ್ಕಿಯ ತಳದಲ್ಲಿ ನಾಲ್ಕು ತೂತುಗಳಿದ್ದವು. ಮಳೆಗಾಲದಲ್ಲಿ ಅಲ್ಲಿಂದ ನೀರು ಬರುತ್ತದೆ ಅಂತ ಅಪ್ಪ ಎಂಸೀಲ್ ಮೆತ್ತಿದ್ದರು. ಅವು ಯಾಕಿವೆ ಅಂತ ನಾವ್ಯಾರೂ ಕೇಳಿಕೊಂಡಿರಲಿಲ್ಲ.

ನಾನು ವಿಜಯಪುರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಬೋರ್‌ವೆಲ್ ಪಂಪು, ಕೂಲರ್, ಮಿಕ್ಸರ್, ಇವು ನನ್ನ ಕಸುಬು. ಕಾರು ಅಲ್ಲ. ಹಾಗಾಗಿ ಮೊದಲು ಎಲ್ಲರಂತೆ ಗ್ಯಾರೇಜಿಗೆ ಒಯ್ದೆ. ಅಲ್ಲಿ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದರು, ಸ್ಕ್ರೂ ಡ್ರೈವರ್‌ನಿಂದ ಅದೇನೋ ತಿರುವಿ "ಈಗ ನೋಡ್ರಿ, ಬೆಣ್ಣಿ ಹಂಗ" ಅಂದರು. ನಿಜಕ್ಕೂ ಚೆನ್ನಾಗಿತ್ತು. ಎರಡು ವಾರ. ಆಮೇಲೆ ಅದೇ ನಡುಕ, ಜೊತೆಗೆ ಪೆಟ್ರೋಲ್ ವಾಸನೆ. ಆವರೇಜ್ ಲೀಟರಿಗೆ 15 ಕಿಲೋಮೀಟರಿನಿಂದ 12ಕ್ಕೆ ಇಳಿಯಿತು.

ನಮ್ಮ ಓಣಿಯಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಈಗ ಮೊಣಕಾಲು ನೋವು, ಬಗ್ಗಿ ಕೆಲಸ ಮಾಡುವುದಿಲ್ಲ. ಕಟ್ಟೆಯ ಮೇಲೆ ಕೂತು ಹೇಳುವುದು ಮಾತ್ರ. ನಾನು ಪ್ಲಗ್ಗಿನ ವೈರ್ ಸೆಟ್ ತರಲಾ, ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ತರಲಾ ಅಂತ ಕೇಳಿದ್ದಕ್ಕೆ, "ತಮ್ಮಾ, ಸಾಮಾನು ಆಮ್ಯಾಲೆ ತಗೋ. ಮೊದ್ಲ ಯಾವ ಸಿಲಿಂಡರ್ ಸತ್ತದ ಹೇಳು. ಯಾವಾಗ ಸಾಯ್ತದ, ಅದನ್ನೂ ಹೇಳು" ಅಂದರು.

ಎರಡನೇ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಆಗಲೇ ಇತ್ತು. ಸೋಲಾಪುರ ರೋಡಿನಲ್ಲಿ 70ರಲ್ಲಿ ಹೋಗುವಾಗ ಗಾಡಿಗೆ ಏನೂ ತಕರಾರಿಲ್ಲ. ಒಂದು ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್. ನಿಂತಾಗ ಮಾತ್ರ ನಡುಕ, ಸ್ವಲ್ಪ ರೇಸ್ ಕೊಟ್ಟರೆ ಮಾಯ. ಇಷ್ಟು ದೊಡ್ಡ ಸುಳಿವನ್ನು ನಾನು ದಿನಾ ಕೇಳುತ್ತಾ ತಿರುಗಾಡಿದ್ದೆ.

ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಸಂಜೆ ಕೂತೆ. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲಿಗೆ ಬಾನೆಟ್ ಮೇಲೆ ಹಗಲು ರೊಟ್ಟಿ ಬೇಯಿಸಬಹುದು. ಗಾಡಿ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ ವೈರ್ ಕೀಳುವುದು ಎಲ್ಲರೂ ಮಾಡುವ ಪದ್ಧತಿ. ಕಾಕಾ ಬೇಡ ಅಂದರು. ಕೈಗೆ ಹೊಡೆಯುವುದು ಒಂದು ಕಡೆ ಇರಲಿ, ಕರೆಂಟಿಗೆ ಹೋಗಲು ದಾರಿ ಇಲ್ಲದಿದ್ದರೆ ಕಾಯಿಲ್ಲಿಗೂ ಅದರ ಎಲೆಕ್ಟ್ರಾನಿಕ್ಸಿಗೂ ಪೆಟ್ಟು. ಅದಕ್ಕೆ ಹೀಗೆ ಮಾಡಿದೆ: ಎಂಜಿನ್ ಬಂದ್ ಮಾಡು, ಒಂದು ವೈರ್ ತೆಗೆ, ಅದಕ್ಕೊಂದು ಹಳೇ ಪ್ಲಗ್ ಸಿಕ್ಕಿಸು, ಪ್ಲಗ್ಗಿನ ಕಬ್ಬಿಣದ ಭಾಗವನ್ನು ಜಂಪರ್ ಕೇಬಲ್ಲಿನಿಂದ ಎಂಜಿನ್ ಬಾಡಿಗೆ ಗಟ್ಟಿಯಾಗಿ ಅರ್ಥ್ ಮಾಡು, ಮತ್ತೆ ಸ್ಟಾರ್ಟ್ ಮಾಡು. ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಡ, ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗುತ್ತಿರುತ್ತದೆ.

ಇಲ್ಲಿ ನನ್ನ ಅಂಗಡಿಯ ಒಂದು ಸಾಮಾನು ಉಪಯೋಗಕ್ಕೆ ಬಂತು. ಮೋಟರ್ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ನೋಡಲು ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್ ಇದೆ. ಎಂಜಿನ್ ಜೊತೆ ತಿರುಗುವ ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪಿನ ಸಣ್ಣ ತುಂಡು ಅಂಟಿಸಿ ಬೆಳಕು ಬಿಟ್ಟರೆ ಲೆಕ್ಕ ಬರುತ್ತದೆ. ರೇಸ್ ಕೊಡದೆ ಸುಮ್ನೆ ಐಡ್ಲಿಂಗಿನಲ್ಲಿ 980ರಿಂದ 1120ರ ನಡುವೆ ಓಲಾಡುತ್ತಿತ್ತು. ಬೆಲ್ಟ್ ಕಡೆಯಿಂದ ಎಣಿಸಿ ಒಂದನೇ ವೈರ್ ತೆಗೆದಾಗ 800ಕ್ಕೆ ಬಿತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಎಂಜಿನ್ ಬಂದ್ ಆಗುವಷ್ಟು ಕುಸಿಯಿತು. ನಾಲ್ಕನೆಯದು ತೆಗೆದರೆ ಏನೂ ಆಗಲಿಲ್ಲ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಾಲ್ಕನೇ ಪ್ಲಗ್ಗನ್ನು ಎರಡಕ್ಕೆ, ಎರಡರದ್ದನ್ನು ನಾಲ್ಕಕ್ಕೆ ಹಾಕಿದೆ. ಸತ್ತದ್ದು ನಾಲ್ಕೇ. ಅಂದರೆ ಪ್ಲಗ್ ತಪ್ಪಲ್ಲ. ಮಲ್ಟಿಮೀಟರಿನಲ್ಲಿ ವೈರುಗಳನ್ನು ಅಳೆದೆ. ಎಲ್ಲವೂ ಕಿಲೋ ಓಮ್‌ಗಳಲ್ಲೇ ಇದ್ದವು, ಉದ್ದದ್ದಕ್ಕೆ ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ, ಯಾವುದೂ ತುಂಡಾಗಿಲ್ಲ. ರಾತ್ರಿ ಓಣಿಯ ಲೈಟ್ ಹೋದಾಗ ಎಂಜಿನ್ ಓಡಿಸಿ, ಕ್ಷೌರದಂಗಡಿಯ ಬಾಟಲಿಯಂಥದರಿಂದ ವೈರುಗಳ ಮೇಲೆ ನೀರಿನ ಹನಿ ಸಿಂಪಡಿಸಿದೆ. ಎರಡನೇ ವೈರಿನ ಬುಡದಲ್ಲಿ ನೀಲಿ ಕಿಡಿ ಹರಿದಾಡಿತು. ಸಿಕ್ಕಿತು ಅಂತ ಕುಣಿದೆ. ಮರುದಿನ ಹೊಸ ವೈರ್ ಸೆಟ್ ಹಾಕಿದೆ. ಕಿಡಿ ನಿಂತಿತು. ಮಿಸ್ಸಿಂಗ್ ನಿಲ್ಲಲಿಲ್ಲ. ಕಿಡಿ ಕಂಡದ್ದು ಎರಡರಲ್ಲಿ, ಸತ್ತದ್ದು ನಾಲ್ಕು, ಅಷ್ಟೂ ಯೋಚಿಸಲಿಲ್ಲ ನಾನು. ಕಾಕಾ ನಗಲಿಲ್ಲ, ಅದೇ ದೊಡ್ಡ ಉಪಕಾರ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಎರವಲು ತಂದೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ಕನೆಕ್ಷನ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಮಗನನ್ನು ಕೂರಿಸಿ, ಸೆಲ್ಫ್ ಹೊಡೆಸಿದೆ. 165, 165, 160, 160 ಪಿಎಸ್‌ಐ. ಇಪ್ಪತ್ತೈದು ವರ್ಷ ದಾಟಿದ ಎಂಜಿನ್ನಿಗೆ ಇದು ಖುಷಿಯ ವಿಷಯ. ವಾಲ್ವ್ ಸುಟ್ಟಿದ್ದರೆ ಒಂದು ಸಿಲಿಂಡರ್ ಹೀಗೆ ಜೊತೆಗೆ ನಿಲ್ಲುತ್ತಿರಲಿಲ್ಲ.

ಪ್ಲಗ್‌ಗಳು ನೆಲದ ಮೇಲೆ ಸಾಲಾಗಿ ಬಿದ್ದಿದ್ದವು. ಆಗ ಕಣ್ಣಿಗೆ ಬಿತ್ತು. ಮೊದಲ ಮೂರರ ತುದಿ ಕಾಡಿಗೆಯಂತೆ ಕಪ್ಪು, ಬೆರಳಿಗೆ ಮಸಿ ಹತ್ತುತ್ತಿತ್ತು. ನಾಲ್ಕನೆಯದು ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ಬಿಳಿ ಅಂದರೆ ಗಾಳಿ ಜಾಸ್ತಿ. ಕಾರ್ಬೊರೇಟರ್ ಒಂದೇ, ಅದು ನಾಲ್ಕಕ್ಕೂ ಒಂದೇ ಮಿಶ್ರಣ ಕಳಿಸುತ್ತದೆ. ಹಾಗಾದರೆ ನಾಲ್ಕನೆಯದಕ್ಕೆ ಗಾಳಿ ಎಲ್ಲಿಂದ? ಕಾರ್ಬೊರೇಟರ್ ದಾಟಿದ ಮೇಲೆ, ನಾಲ್ಕನೇ ಸಿಲಿಂಡರ್ ಹತ್ತಿರವೇ ಎಲ್ಲಿಂದಲೋ ಕದ್ದು ಬರುತ್ತಿರಬೇಕು.

ನಿಂತಾಗ ಮಾತ್ರ ನಡುಕ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಐಡ್ಲಿಂಗಿನಲ್ಲಿ ಥ್ರಾಟಲ್ ಅನ್ನುವ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಪಿಸ್ಟನ್‌ಗಳು ಮುಚ್ಚಿದ ಬಾಗಿಲ ಹಿಂದೆ ನಿಂತು ಜಗ್ಗುತ್ತಿರುತ್ತವೆ, ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ ಕೊಳವೆಗಳಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಎಳೆತ ಜೋರು. ಎಳನೀರಿನ ಸ್ಟ್ರಾಗೆ ತೂತು ಬಿದ್ದ ಹಾಗೆ, ನೀರಿಗಿಂತ ಗಾಳಿಯೇ ಬಾಯಿಗೆ ಬರುತ್ತದೆ. ರೇಸ್ ಕೊಟ್ಟರೆ ಥ್ರಾಟಲ್ ತೆರೆದು ಬೇಕಾದಷ್ಟು ಮಿಶ್ರಣ ಒಳಗೆ ನುಗ್ಗುತ್ತದೆ, ಸಣ್ಣ ತೂತಿನ ಗಾಳಿ ಆಗ ಲೆಕ್ಕಕ್ಕಿಲ್ಲ.

ಇಂಥ ಸೋರಿಕೆ ಹುಡುಕಲು ಕೆಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಹುಚ್ಚು ಕೆಲಸ. ನಾನು ಮೊದಲು, ಇದೇ ಎಳೆತದಿಂದ ಕೆಲಸ ಮಾಡುವ ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನು ಬಟ್ಟೆ ಸುತ್ತಿದ ಪಕ್ಕಡಿನಿಂದ ಒತ್ತಿ ಹಿಡಿದೆ. ಬದಲಾವಣೆ ಇಲ್ಲ. ಆಮೇಲೆ ಎರಡಡಿ ಉದ್ದದ ನೀರಿನ ಪೈಪು ತಗೊಂಡು ಒಂದು ತುದಿ ಕಿವಿಗೆ ಇಟ್ಟೆ, ಇನ್ನೊಂದನ್ನು ಮ್ಯಾನಿಫೋಲ್ಡಿನ ಸುತ್ತ ಆಡಿಸಿದೆ. ಬೇರಿಂಗ್ ಶಬ್ದ ಕೇಳಲು ಅಂಗಡಿಯಲ್ಲಿ ಸ್ಕ್ರೂ ಡ್ರೈವರ್ ಕಿವಿಗಿಟ್ಟು ಅಭ್ಯಾಸ ಇತ್ತಲ್ಲ, ಇದೂ ಅದೇ ಜಾತಿ. ನಾಲ್ಕನೇ ಸಿಲಿಂಡರ್‌ಗೆ ಹೋಗುವ ಕೊಳವೆಯ ಕೆಳಗೆ, ಕೈ ಸರಿಯಾಗಿ ಹೋಗದ ಜಾಗದಲ್ಲಿ, ಸೈಕಲ್ ಟ್ಯೂಬಿನ ಪಂಕ್ಚರಿನಂತೆ ಸುಸ್ ಅಂತು.

ಕನ್ನಡಿ ಹಿಡಿದು, ಟಾರ್ಚ್ ಬಿಟ್ಟು ನೋಡಿದೆ. ಅಲ್ಲೊಂದು ಸಣ್ಣ ನಿಪ್ಪಲ್. ಅದಕ್ಕೆ ಎರಡಿಂಚು ಉದ್ದದ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ, ಮಡಚಿ, ಬೈಂಡಿಂಗ್ ವೈರ್ ಸುತ್ತಿ ಕಟ್ಟಿದ್ದರು. ಮಡಚಿದ ಕಡೆ ಬಿಸಿಗೆ ಸೀಳಿತ್ತು. ಬೆರಳ ತುದಿ ಇಟ್ಟೆ. ಎಂಜಿನ್ ಬೆರಳನ್ನು ಒಳಗೆ ಎಳೆದುಕೊಂಡಿತು, ನಡುಕ ಅಲ್ಲೇ ನಿಂತಿತು, ಟ್ಯಾಕೋಮೀಟರ್ 1400ಕ್ಕೆ ಏರಿತು. ಬೆರಳು ತೆಗೆದರೆ ಮತ್ತೆ ಚಳಿಜ್ವರ. ನಾಲ್ಕೈದು ಸಲ ಇಟ್ಟು ತೆಗೆದು ಮಾಡಿದೆ, ಸುಮ್ನೆ ಖುಷಿಗೆ.

ಕಾಕಾಗೆ ತೋರಿಸಿದೆ. ಒಂದು ಕ್ಷಣ ನೋಡಿ, "ಈ ಗಾಡಿಗೆ ಮೊದ್ಲ ಗ್ಯಾಸ್ ಕಿಟ್ ಇತ್ತಲ್ಲೋ?" ಅಂದರು. ಆಗ ಡಿಕ್ಕಿಯ ನಾಲ್ಕು ತೂತು ನೆನಪಾದವು. ಗ್ಯಾಸ್ ಸಿಲಿಂಡರ್ ಕೂರಿಸಿದ ಬೋಲ್ಟುಗಳವು. ಕಿಟ್ಟಿನ ರೆಗ್ಯುಲೇಟರ್‌ಗೆ ಎಳೆತ ಬೇಕು ಅಂತ ಮ್ಯಾನಿಫೋಲ್ಡಿಗೆ ತೂತು ಹೊಡೆದು ನಿಪ್ಪಲ್ ಹಾಕಿದ್ದಾರೆ. ಕಿಟ್ ತೆಗೆದವರು ನಿಪ್ಪಲ್ಲಿಗೆ ಪೈಪ್ ಕಟ್ಟಿ ಕೈ ತೊಳೆದುಕೊಂಡಿದ್ದಾರೆ.

ಲೇಥ್ ಅಂಗಡಿಯಲ್ಲಿ ನಿಪ್ಪಲ್ಲಿನ ಜಾಗಕ್ಕೆ ಅದೇ ಥ್ರೆಡ್ಡಿನ ಹಿತ್ತಾಳೆ ಬಿರಡೆ ಮಾಡಿಸಿದೆ, ಐವತ್ತು ರೂಪಾಯಿ. ಮ್ಯಾನಿಫೋಲ್ಡ್ ಅಲ್ಯೂಮಿನಿಯಂ, ಜಾಸ್ತಿ ಬಿಗಿದರೆ ಥ್ರೆಡ್ ಹೋಗುತ್ತದೆ. ಪೆಟ್ರೋಲ್ ತಡೆಯುವ ಸೀಲೆಂಟ್ ಹಚ್ಚಿ ಕೈಯಳತೆಯಲ್ಲಿ ಬಿಗಿದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಗ್ಯಾರೇಜಿನಲ್ಲಿ ಐಡ್ಲಿಂಗ್ ಸ್ಕ್ರೂ ಏರಿಸಿದ್ದರು, ಮಿಶ್ರಣದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಜಾಸ್ತಿ ಮಾಡಿದ್ದರು. ನಾಲ್ಕನೆಯದನ್ನು ಬದುಕಿಸಲು ಉಳಿದ ಮೂರಕ್ಕೆ ಮಸಿ ಕುಡಿಸಿದ ಹಾಗಾಗಿತ್ತು. ಆ ಎರಡು ವಾರದ ಬೆಣ್ಣೆ ಅದೇ. ಸೀಳು ದೊಡ್ಡದಾದ ಮೇಲೆ ಅದೂ ಸಾಲಲಿಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ರೇಡಿಯೇಟರ್ ಫ್ಯಾನ್ ನಿಂತ ಮೇಲೆ ಐಡ್ಲಿಂಗನ್ನು 850ಕ್ಕೆ ಇಳಿಸಿದೆ. ಮಿಶ್ರಣದ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಗೆ ತಿರುವಿದೆ, ಎಂಜಿನ್ ತಡವರಿಸುವವರೆಗೆ. ಆಮೇಲೆ ಹೊರಗೆ, ಆರ್‌ಪಿಎಂ ಏರುವುದು ನಿಲ್ಲುವವರೆಗೆ. ಮತ್ತೆ ಐಡ್ಲಿಂಗ್ ಸರಿಪಡಿಸಿ, ಇನ್ನೊಮ್ಮೆ ಮಿಶ್ರಣ. ಎರಡು ಸಲ ಮಾಡಿದ ಮೇಲೆ 840ರಿಂದ 860ರ ನಡುವೆ ಕೂತಿತು. ಪ್ಲಗ್‌ಗಳನ್ನು ಬ್ರಷ್‌ನಿಂದ ತಿಕ್ಕಿ ಅವನ್ನೇ ಹಾಕಿದೆ.

ಮುಂದಿನ ಭಾನುವಾರ ಬಾಗಲಕೋಟೆಗೆ ಹೋಗುವಾಗ ಕೊಲ್ಹಾರದಲ್ಲಿ ಮೊಸರಿಗೆ ನಿಲ್ಲಿಸಿದೆವು. ಗಡಿಗೆಯನ್ನು ಮನೆಯವಳು ತೊಡೆಯ ಮೇಲೆ ಇಟ್ಟುಕೊಂಡಳು, ಕೃಷ್ಣೆಯ ಸೇತುವೆಯ ಮೇಲೆ ಲಾರಿಗಳ ಹಿಂದೆ ಹತ್ತು ನಿಮಿಷ ನಿಂತರೂ ಮೊಸರಿನ ಕೆನೆ ಅಲುಗಲಿಲ್ಲ. ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ, ಆವರೇಜ್ 15 ದಾಟಿದೆ. ಈಗ ಎಂಜಿನ್ನಿನ ನಡುಕ ನಿಂತ ಮೇಲೆ, ವಾಲ್ವ್ ಒತ್ತುವ ಟ್ಯಾಪೆಟ್‌ನ ಟಿಕ್ ಟಿಕ್ ಕೇಳುತ್ತಿದೆ, ಮೊದಲು ಆ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಅದರ ಸಂದಿ ಅಳೆಯಲು ಫೀಲರ್ ಗೇಜ್ ತಂದಿಟ್ಟಿದ್ದೇನೆ. ಕಾಕಾ ಊರಿಗೆ ಹೋಗಿದ್ದಾರೆ, ಬರಲಿ.